ಉರಿಯುವ ಒಲೆಗೆ ನೀರು ಸುರಿದ ಟ್ರಾಕ್ಸೆಲ್

ಸಿಟ್ಟು ಬಂದರೆ ಸೈಲಸ್ ಟ್ರಾಕ್ಸೆಲ್‌ನ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕೇಳುವವನು ಕಿವಿಯೊಡ್ಡಿ ಮುಂದೆ ಬಾಗಬೇಕಾಗುವಷ್ಟು ಇಳಿಯುತ್ತಿತ್ತು, ಹಾಗೆ ಬಾಗಿದವನು ಆ ಮಾತನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಪೆನ್ಸಿಲ್ವೇನಿಯಾದ ನಮ್ಮ ಆಯಿಲ್ ಕ್ರೀಕ್ ಕಣಿವೆಗೆ ನೆಲ ಕೊರೆದು ಎಣ್ಣೆ ತೆಗೆಯುವ ಹುಚ್ಚು ಹತ್ತಿ ಆಗಿನ್ನೂ ಎರಡು ವರ್ಷ. ಅದಕ್ಕೆ ಮೊದಲು ಅವನು ಉಪ್ಪು ಕಾಯಿಸುವವರಿಗಾಗಿ ಉಪ್ಪುನೀರಿನ ಬಾವಿ ಕೊರೆಯುತ್ತಿದ್ದವನು. ಬಾಗುವ ಮರದ ದೂಲದಿಂದ ಬಂಡೆ ಕೊರೆಯುವ ಉಳಿಯನ್ನು ಇಳಿಬಿಟ್ಟು, ಹಗ್ಗದ ಕುಣಿಕೆಯಲ್ಲಿ ಕಾಲಿಟ್ಟು, ಒದ್ದೊದ್ದು ನೆಲ ಸೀಳಿದ ಹದಿನೆಂಟು ವರ್ಷಗಳು ಅವನ ನಡಿಗೆಯಲ್ಲಿ ಉಳಿದುಬಿಟ್ಟಿದ್ದವು: ಸಮತಟ್ಟಾದ ರಸ್ತೆಯಲ್ಲೂ ಬಲಗಾಲು ಯಾವುದನ್ನೋ ಕೆಳಕ್ಕೆ ಒತ್ತುತ್ತಲೇ ಇರುತ್ತಿತ್ತು. ಉಣ್ಣೆಯ ಕೋಟು ಎಣ್ಣೆ ಕುಡಿದು ಹಲಗೆಯಂತೆ ಬಿರುಸಾಗಿತ್ತು. ಅದನ್ನೇ ತೊಟ್ಟು ಭಾನುವಾರ ಚರ್ಚಿಗೆ ಬಂದರೆ ಪಕ್ಕದ ಬೆಂಚು ಖಾಲಿಯಾಗುತ್ತಿತ್ತು.

ಕೊರೆಯುವ ಹಗ್ಗದ ಮೇಲೆ ಅಂಗೈಯಿಟ್ಟು, ಮುನ್ನೂರು ಅಡಿ ಕೆಳಗಿನ ಕಲ್ಲು ಎಂಥದೆಂದು ಹೇಳಬಲ್ಲವನಾಗಿದ್ದ. ಚರ್ಚಿನ ಹಿರಿಯನಾದ ಪಾರ್ಡಿಯ ಎಣ್ಣೆಬಾವಿಯನ್ನು ಅವನು ಕೊರೆಯುತ್ತಿದ್ದಾಗ ಒಂದು ಅಕ್ಟೋಬರ್ ಮಧ್ಯಾಹ್ನ ಆ ಹಗ್ಗ ನಡುಗಿತು. ಬಾವಿಯ ಬಾಯಿಂದ ಅನಿಲ ಸುಯ್ಗುಟ್ಟತೊಡಗಿತು. ಉಳಿಯನ್ನು ಎತ್ತಿಳಿಸುವ ಉಗಿಯಂತ್ರದ ಒಲೆ ಹದಿನೈದೇ ಹೆಜ್ಜೆ ದೂರದಲ್ಲಿ ಉರಿಯುತ್ತಿತ್ತು.

"ಒಲೆ ಆರಿಸಿ, ಯಜಮಾನ್ರೆ. ಅದನ್ನ ಗುಡ್ಡದ ಆಚೆ ಸಾಗಿಸೋತನಕ ನಾನು ಉಳಿ ಮುಟ್ಟಲ್ಲ."

"ವಾರ ಹಿಡಿಯುತ್ತಲ್ಲಯ್ಯ. ಅಷ್ಟರಲ್ಲಿ ಪಕ್ಕದೋನು ನನ್ನ ಎಣ್ಣೆನೆಲ್ಲ ಹೀರ್ಕೊಂಡ್ಬಿಡ್ತಾನೆ."

"ಹೀರ್ಕೊಳ್ಲಿ. ಜನ ಉಳೀತಾರೆ."

"ಉಪ್ಪುನೀರು ತೋಡಿದೋನಿಗೆ ಎಣ್ಣೆ ಕಂಡ್ರೆ ಭಯ," ಎಂದು ಪಾರ್ಡಿ ನಕ್ಕ.

ಟ್ರಾಕ್ಸೆಲ್ ಹೊಳೆಯಿಂದ ಎರಡು ಬಕೆಟ್ ನೀರು ತಂದು ಒಲೆಗೆ ಸುರಿದ. ಪಾರ್ಡಿ ಅವನನ್ನು ನಿಂತ ನಿಲುವಿನಲ್ಲೇ ಕೆಲಸದಿಂದ ಕಿತ್ತುಹಾಕಿದ. ಉಳಿ ಸಾಣೆ ಹಿಡಿಯುತ್ತಿದ್ದ ಅವನ ಭಾವಮೈದ ಆಮೋಸ್ ತಲೆ ತಗ್ಗಿಸಿ, "ನಂಗೆ ನಾಲ್ಕು ಮಕ್ಕಳು, ಸೈಲಸ್. ನಿನ್ ಜೊತೆ ಬರೋಕಾಗಲ್ಲ," ಎಂದ.

ಮಾರನೆಯ ದಿನ ಹೊತ್ತು ನೆತ್ತಿಗೇರುವ ಮೊದಲೇ ಎಣ್ಣೆ ಬಾವಿಯ ಮೇಲಿನ ಮರದ ಗೋಪುರಕ್ಕಿಂತ ಎತ್ತರಕ್ಕೆ ಚಿಮ್ಮಿತು, ಅನಿಲ ಮತ್ತೆ ಉರಿಯುತ್ತಿದ್ದ ಒಲೆಯನ್ನು ಮುಟ್ಟಿತು. ಐವರು ಸತ್ತರು. ಆಮೋಸ್‌ನನ್ನು ಬೆಲ್ಟಿನ ಕೊಂಡಿಯಿಂದ ಗುರುತಿಸಬೇಕಾಯಿತು.

ಶಾಲೆಯ ಹಜಾರದಲ್ಲಿ ವಿಚಾರಣೆ ನಡೆದು, ಪಂಚರು ಇದು ದೈವೇಚ್ಛೆಯೆಂದು ತೀರ್ಮಾನಿಸಿದರು. ಹಿಂದಿನ ಸಾಲಿನಲ್ಲಿ ಟ್ರಾಕ್ಸೆಲ್ ಎದ್ದು ನಿಂತ. ಇಡೀ ಹಜಾರ ಅವನತ್ತ ಬಾಗಿತು.

"ಒಲೆಗೆ ಸೌದೆ ಒಟ್ಟಿದ್ದು ದೇವರಾ? ನಾನು ಆರಿಸಿ ಬಂದಿದ್ದೆ. ಮತ್ತೆ ಹಚ್ಚಿಸಿದೋನ ಹೆಸರು ಬರ್ಕೊಳ್ಳಿ."

ಬರೆದುಕೊಳ್ಳಬೇಕಾಗಿದ್ದ ಗುಮಾಸ್ತ ನಾನೇ. ಪಾರ್ಡಿಯ ಮುಖ ನೋಡಿದೆ, ಲೇಖನಿ ಕೆಳಗಿಟ್ಟೆ.

ಆಮೇಲೆ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ಕರೆಯದೆಯೇ ಬಾವಿಯಿಂದ ಬಾವಿಗೆ ಹೋಗಿ, ಅನಿಲದ ವಾಸನೆ ಹತ್ತಿದಲ್ಲೆಲ್ಲ ಒಲೆಗೆ ನೀರು ಹೊಯ್ಯುತ್ತಿದ್ದ, ಒದೆ ತಿನ್ನುತ್ತಿದ್ದ. ಎರಡು ಸಲ ಸೆರೆಮನೆಗೂ ಹೋಗಿಬಂದ. ಮೂರನೆಯ ಚಳಿಗಾಲದಲ್ಲಿ ಶ್ವಾಸಕೋಶ ಕೆಟ್ಟು ಸತ್ತ. ಮರುವರ್ಷ ಕಣಿವೆಯ ಒಡೆಯರೆಲ್ಲ ಒಲೆಗಳನ್ನು ದೂರಕ್ಕೆ ಸಾಗಿಸಿದರು. ಮೊದಲು ಸಾಗಿಸಿದ ಪಾರ್ಡಿಯ ದೂರದೃಷ್ಟಿಯನ್ನು ಪತ್ರಿಕೆ ಹೊಗಳಿತು.

ಇಂಥವರನ್ನು ನಾವು ಮುಂಗೋಪಿಗಳೆಂದು ಕರೆದು ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಹೇಳಿದ್ದನ್ನು ಆಮೇಲೆ ಸದ್ದಿಲ್ಲದೆ ಪಾಲಿಸುತ್ತೇವೆ, ಅವರನ್ನು ಮಾತ್ರ ಕ್ಷಮಿಸುವುದಿಲ್ಲ. ಸಿಟ್ಟಾಗಬೇಕಾದ ಹೊತ್ತಿನಲ್ಲಿ ನಾವು ಸಭ್ಯರಾಗಿ ಕುಳಿತಿದ್ದೆವೆಂಬುದಕ್ಕೆ ಉಳಿದಿರುವ ಸಾಕ್ಷಿ ಅವರೇ.