ಸೀಟಿ ಊದಿದವರು

ಸುಯ್ ಎಂದು ಒಂದು ಸಣ್ಣ ಸದ್ದು. ಕುಕ್ಕರು ಕೂಗುವ ಮೊದಲು ಉಸಿರು ಬಿಡುತ್ತದಲ್ಲ, ಅಷ್ಟೇ. ನಡುರಾತ್ರಿ ಹೊನ್ನಿಗೆ ಎಚ್ಚರವಾಯಿತು. ಸದ್ದು ಬರುತ್ತಿದ್ದುದು ಕೆಲಸಗಾರರ ಲೈನ್ ಮನೆಗಳ ಹಿಂದಿನ ಗೋಡೆಯಾಚೆ, ಅನಾನಸ್ ಫ್ಯಾಕ್ಟರಿಯ ಕೋಲ್ಡ್ ಸ್ಟೋರೇಜಿನಿಂದ. ವಾಸನೆ ಮೂಗಿಗೆ ತಾಗುವ ಮೊದಲೇ ಬೆರಳುಗಳು ಉರಿಯತೊಡಗಿದವು. ದಿನವಿಡೀ ಅನಾನಸ್ ಹೆರೆದು ಹೆರೆದು ಬೆರಳ ತುದಿಯ ಚರ್ಮವನ್ನೆಲ್ಲ ರಸವೇ ತಿಂದು ಹಾಕಿತ್ತು. ಗಾಳಿಯಲ್ಲಿ ಅಮೋನಿಯಾ ಒಂಚೂರು ಇದ್ದರೂ ಆ ಬಿರುಕುಗಳಿಗೆ ಮೊದಲು ಗೊತ್ತಾಗುತ್ತಿತ್ತು.

ಗ್ಯಾಸು.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಪಕ್ಕದ ಮನೆಯ ನೀಲಾಳನ್ನು ಎಬ್ಬಿಸಬೇಕು. ನೀಲಾ ಸೇಫ್ಟಿ ಆಫೀಸರ್ ಸಂಜಯನಿಗೆ ಫೋನು ಮಾಡಬೇಕು. ಅವನು ಹೂಂ ಅಂದಮೇಲೆ ನೀಲಾ ಸೀಟಿ ಊದಬೇಕು. ಹೊನ್ನಿ ಎದ್ದು ಕೂತಳು. ಕೂತೇ ಇದ್ದಳು. ನೀಲಾಳನ್ನು ಕೂಗಲು ಮನಸ್ಸು ಬರಲೊಲ್ಲದು.

ನೀಲಾ ಅವಳ ಓರಗಿತ್ತಿ, ಮೈದುನನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ಹಣ್ಣಿನ ಲಾರಿಯೊಂದಿಗೆ ಊರು ಬಿಟ್ಟಿದ್ದರು. ಇಬ್ಬರೂ ಒಂದೇ ಬೆಂಚಿನಲ್ಲಿ ಹಣ್ಣು ಹೆರೆಯುವವರು. ಹೊನ್ನಿಯ ಕೈಯೇ ಚುರುಕು. ಆದರೆ ನೀಲಾ ಹತ್ತನೆಯ ಇಯತ್ತೆ ಪಾಸು.

ನಾಲ್ಕು ದಿನದ ಹಿಂದೆ ಫ್ಯಾಕ್ಟರಿ ಅಂಗಳದಲ್ಲಿ ಡ್ರಿಲ್ಲು ನಡೆದಿತ್ತು. ಗ್ಯಾಸು ಸೋರಿದರೆ ಸುತ್ತಲಿನ ಜನ ಏನು ಮಾಡಬೇಕೆಂದು ಕಲಿಸುವ ಡ್ರಿಲ್ಲು. ಊರೊಳಗಿನವರದು ಮಾಸ್ಕು ಹಾಕಿಕೊಂಡು ಸಭಾಭವನಕ್ಕೆ ಓಡುವ ಕೆಲಸ. ಲೈನಿನವರದು ಗ್ಯಾಸಿಗೆ ಸಿಕ್ಕಿ ಬೀಳುವ ಕೆಲಸ. ಅಂಗಳದಲ್ಲಿ ಸುಣ್ಣದಿಂದ ಚೌಕ ಬರೆದು ನಂಬರು ಹಾಕಿರುತ್ತಿದ್ದರು. ಸೀಟಿ ಕೇಳಿದ ಕೂಡಲೇ ಬಂದು ತಂತಮ್ಮ ಚೌಕದಲ್ಲಿ ಅಂಗಾತ ಮಲಗಬೇಕು, ಸ್ಟ್ರೆಚರು ಬರುವತನಕ ಕದಲಬಾರದು. ಆಮೇಲೆ ಉಪ್ಪಿಟ್ಟು, ಜಿಲೇಬಿಯ ಪೊಟ್ಟಣ. ಮೂರು ವರ್ಷದಿಂದ ಲೈನಿನವರು ಕಲಿತದ್ದು ಇಷ್ಟೇ.

"ಸಾಹೇಬ್ರ, ಈ ಸಲ ನನಗೊಂದು ಸೀಟಿ ಕೊಡ್ರಿ," ಎಂದಿದ್ದಳು ಹೊನ್ನಿ. "ನಿಮ್ಮ ಸ್ಟೋರೇಜು ನನ್ನ ಮನಿ ಗೋಡಿಗೇ ಹತ್ತೇತಿ."

ಸಂಜಯ ಪಟ್ಟಿಯಿಂದ ತಲೆ ಎತ್ತಲಿಲ್ಲ. "ಸಾಲಿ ಎಷ್ಟು ಕಲ್ತೀದಿ?"

"ಸೀಟಿ ಹೊಡ್ಯಾಕ ಸಾಲಿ ಯಾಕ್ರೀ?"

"ಏ, ಬಾಯಿ ಭಾಳ ಆತು ನಿಂದು. ನೀ ಬೀಳಾಕಷ್ಟ ಲಾಯಕ್ಕು. ಹೋಗು, ಸೀರಿ ಮೊಣಕಾಲ ಮ್ಯಾಲ ಬರದಂಗ ಬೀಳು. ಫೋಟೊ ಕಾರವಾರದ ದೊಡ್ಡ ಆಫೀಸಿಗೆ ಹೋಗ್ತಾವು."

ಊರವರು ನಕ್ಕರು. ಕಿತ್ತಳೆ ಬಣ್ಣದ ಜಾಕೀಟು ಹಾಕಿ, ಕೊರಳಿಗೆ ಸೀಟಿ ಕಟ್ಟಿಕೊಂಡು ನಿಂತಿದ್ದ ನೀಲಾ ನಗಲಿಲ್ಲ. ಅದು ಹೊನ್ನಿಗೆ ಇನ್ನೂ ಚುಚ್ಚಿತು. ಮೂರನೆಯ ಚೌಕದಲ್ಲಿ ಮಲಗಿದ್ದ ಅತ್ತೆ ಗಿರಿಜವ್ವ ತಲೆ ಎತ್ತಿ, "ನಮ್ಮ ಸಣ್ಣ ಸೊಸೀನ್ನ ನೋಡ್ರೇ, ಪೊಲೀಸ್ನೋರಂಗ ಕಾಣ್ತಾಳ!" ಎಂದು ಕೂಗಿದಳು.

"ಏ ಮುದುಕಿ, ಸತ್ತಾಕಿ ಮಾತಾಡಬ್ಯಾಡ!" ಸಂಜಯ ಗದರಿದ. "ಬಿದ್ದಲ್ಲೇ ಬಿದ್ದಿರಬೇಕು!"

ಗಿರಿಜವ್ವ ತಟ್ಟನೆ ಕಣ್ಣು ಮುಚ್ಚಿದಳು. ಹೊನ್ನಿ ನಾಲ್ಕನೆಯ ಚೌಕದಲ್ಲಿ ಬೆನ್ನು ಸುಡುವ ಸಿಮೆಂಟಿನ ಮೇಲೆ ಮಲಗಿ, ಬಿಸಿಲಿಗೆ ಮಿರುಗುವ ಆ ಜಾಕೀಟಿನ ಪಟ್ಟಿಗಳನ್ನೇ ನೋಡುತ್ತಿದ್ದಳು. ಅಂದಿನಿಂದ ಅತ್ತೆ ಮೊದಲ ಚಾ ಲೋಟವನ್ನು ನೀಲಾಳ ಕೈಗೇ ಕೊಡುತ್ತಿದ್ದಳು.

ಈಗ ಹೊನ್ನಿ ಸೆರಗು ನೆನೆಸಿ ಮೂಗಿಗೆ ಕಟ್ಟಿಕೊಂಡು ಹೊರಗೆ ಬಂದಳು. ನೀಲಾಳ ಕಟ್ಟೆಯ ಮೊಳೆಗೆ ಜಾಕೀಟು ತೂಗುತ್ತಿತ್ತು, ಜೊತೆಗೇ ಸೀಟಿ. ಹೋಗುವವರು ಬರುವವರು ನೋಡಲಿ ಅಂತಲೇ ಇವಳು ಹೊರಗೆ ಹಾಕುವುದು. ಒಳಗೆ ನೀಲಾ ಗೊರಕೆ ಹೊಡೆಯುತ್ತಿದ್ದಳು. ಒಂದು ಕೂಗು ಸಾಕಿತ್ತು. ಹೊನ್ನಿ ಕೂಗಲಿಲ್ಲ. ಸೀಟಿ ಕಿತ್ತುಕೊಂಡು ಊದಿದಳು.

ಮೊದಲು ಬರೀ ಗಾಳಿ ಹೋಯಿತು. ಮತ್ತೆ ಊದಿದಳು. ಸದ್ದು ರಾತ್ರಿಯನ್ನು ಸೀಳಿತು. ಕಣ್ಣಲ್ಲಿ ಉರಿನೀರು, ಎದೆಯಲ್ಲಿ ಹೇಳಲಾಗದ ಹಿಗ್ಗು. ಲೈನಿನ ಈ ತುದಿಯಿಂದ ಆ ತುದಿಗೆ ಊದುತ್ತ ಓಡಿದಳು. ಬಾಗಿಲುಗಳು ತೆರೆದವು, ಮಕ್ಕಳು ಚೀರಿದವು, ಕೆಮ್ಮು ಎದ್ದಿತು. "ಕೆರಿ ಕಡಿ ಓಡ್ರಿ! ಅರಬಿ ಹಸಿ ಮಾಡಿ ಮೂಗಿಗೆ ಕಟ್ಕೊಳ್ರಿ!" ಎಂದು ನಡುನಡುವೆ ಕೂಗಿದಳು. ಆ ಕತ್ತಲು, ಗದ್ದಲದಲ್ಲಿ ಮುಖಕ್ಕೆ ಸೆರಗು ಕಟ್ಟಿದವಳು ಯಾರೆಂದು ಯಾರಿಗೂ ತಿಳಿಯಲಿಲ್ಲ. ಯಾರದೋ ಹೆಗಲು ತಾಗಿ ಸೀಟಿ ಕೈಜಾರಿತು. ಅದನ್ನು ಎತ್ತಿಕೊಂಡು ಊದುತ್ತ ಎಲ್ಲರ ಮುಂದೆ ಓಡಿದವಳು ನೀಲಾ. ಆ ಹೊತ್ತಿನಲ್ಲೂ ಜಾಕೀಟು ಹಾಕಿಕೊಂಡೇ ಬಂದಿದ್ದಳು.

ಕೆರೆ ಏರಿಯ ಮೇಲೆ ನೀಲಾ ತಲೆ ಎಣಿಸಿದಳು. ಒಂದು ಕಡಿಮೆ.

"ಅತ್ತಿ ಎಲ್ಲಿ?"

"ನಿನ್ನ ಮನ್ಯಾಗ ಮಲಗಿದ್ಲಲ್ಲ!" ಎಂದಳು ಹೊನ್ನಿ.

"ನಾ ಏಳೂದ್ರಾಗ ಹಾಸಿಗಿ ಖಾಲಿ ಇತ್ತು. ಮುಂದ ಓಡ್ಯಾಳ ಅನ್ಕೊಂಡೆ."

ನಸುಕಿನಲ್ಲಿ ಲೋಡಿಂಗಿನ ಬೈರ ಒದ್ದೆ ಟವಲು ಸುತ್ತಿಕೊಂಡು ಹೋಗಿ ನೋಡಿಬಂದ. ಗಿರಿಜವ್ವ ಗೋಡೆಯ ಸಣ್ಣ ಗೇಟು ದಾಟಿ ಅಂಗಳಕ್ಕೆ ಹೋಗಿದ್ದಳು. ಮೂರನೆಯ ಚೌಕದಲ್ಲಿ ಅಂಗಾತ ಮಲಗಿದ್ದಳು. ಸೀರೆಯನ್ನು ಪಾದದವರೆಗೆ ನೆಟ್ಟಗೆ ಎಳೆದುಕೊಂಡಿದ್ದಳು. ಕದಲಿದ ಗುರುತೇ ಇರಲಿಲ್ಲ.

ಬೆಳಿಗ್ಗೆ ಜೀಪಿನಲ್ಲಿ ಬಂದ ಸಂಜಯನ ಕೈಯಲ್ಲಿ ಒಂದು ಹಾಳೆಯಿತ್ತು. ಗ್ಯಾಸು ಸೋರಿಲ್ಲ, ಮುದುಕಿಗೆ ಮೊದಲೇ ದಮ್ಮಿತ್ತು ಎಂದು ಬರೆದಿತ್ತು. "ನೀಲಾ, ಇದಕ್ಕ ಸಹಿ ಹಾಕು."

ನೀಲಾ ಪೂರ್ತಿ ಓದಿದಳು. "ಸೋರಿಲ್ಲಂದ್ರ ಸೀಟಿ ಯಾಕ ಆತ್ರಿ?"

"ಅದನ್ನ ನಾ ಕೇಳಬೇಕು. ಯಾರನ್ನ ಕೇಳಿ ಊದಿದಿ?"

ನೀಲಾಳ ಕಣ್ಣು ಜನರ ಮೇಲೆ ಒಂದು ಸುತ್ತು ಹೋಗಿ ಬಂತು. ಹೊನ್ನಿಯ ಬಾಯಿ ಅರ್ಧ ತೆರೆದಿತ್ತು.

"ಯಾರ್ನೂ ಕೇಳಿಲ್ಲ," ಎಂದಳು ನೀಲಾ. "ಗ್ಯಾಸ್ ಬಂತು, ಊದಿದೆ. ನಾನ ಊದೀನಿ. ಹಂಗ ಬರೀರಿ."

"ಹಂಗಾರ ಮುದುಕೀನ್ನ ಕೊಂದಾಕಿನೂ ನೀನ! ನಿನ್ನ ಸೀಟಿ ಕೇಳೇ ಹೋಗಿ ಮಲಗ್ಯಾಳಲ್ಲ, ಬೋಸುಡಿ! ಕೇಸ್ ಹಾಕಸ್ತೀನಿ, ಜೀಪ್ ಹತ್ತು."

ನೀಲಾಳ ಮುಖ ಬೂದಿಯಾಯಿತು. ಆದರೂ ಜಾಕೀಟು ಬಿಚ್ಚಿ ಅವನ ಬೂಟಿನ ಮೇಲೆ ಎಸೆದಳು. "ಹಾಕಸ್ರಿ. ಮಲಗಾಕ ಕಲ್ಸಿದವ್ರ ಹೆಸರೂ ಅದರಾಗ ಬರೀರಿ. ನಾ ಹೇಳ್ತೀನಿ, ಎಲ್ಲಿ ಬೇಕಾದ್ರೂ ಹೇಳ್ತೀನಿ."

ಲೈನು ಅವಳ ಸುತ್ತ ನೆರೆಯಿತು. ಹೆಂಗಸರು ಅವಳ ಕೈ ಹಿಡಿದುಕೊಂಡರು. "ನೀ ಇಲ್ಲದಿದ್ರ ಇಷ್ಟೂ ಮಂದಿ ಹೆಣ ಆಗ್ತಿದ್ವಿ ನಮ್ಮವ್ವಾ," ಎಂದು ಒಬ್ಬಳು ಅತ್ತಳು.

ಹೊನ್ನಿ ಒಬ್ಬಳೇ ಗೋಡೆಗೆ ಒರಗಿ ನಿಂತಿದ್ದಳು. ಬದುಕಿದ ನಲವತ್ತು ಜನ ತನ್ನವರು. ತಾನು ಊದಿದ್ದಕ್ಕೆ ಎದ್ದವರು. ಅದನ್ನೂ ನೀಲಾ ತೆಗೆದುಕೊಂಡಿದ್ದಳು. ಬಾಯಿಬಿಟ್ಟರೆ ಆ ನಲವತ್ತೂ ತನ್ನ ಪಾಲಿಗೆ ಬರುತ್ತವೆ. ಚೌಕದಲ್ಲಿ ಮಲಗಿದ ಆ ಒಂದೂ ಬರುತ್ತದೆ.

"ಏ ಹೊನ್ನಿ," ಬೈರ ಪಕ್ಕಕ್ಕೆ ಬಂದು ಕೇಳಿದ, "ನಿನ್ನ ಮನಿ ಸ್ಟೋರೇಜಿನ ಬೆನ್ನಿಗೇ ಐತಿ. ನಿನಗ ಮೊದ್ಲ ಎಚ್ಚರ ಆಗ್ಲಿಲ್ಲೇನು?"

ಗುಂಪಿನ ನಡುವೆ ನೀಲಾ ಇತ್ತ ತಿರುಗಿದಳು.

"ಇಲ್ಲೋ," ಎಂದಳು ಹೊನ್ನಿ. "ಸೀಟಿ ಕೇಳಿ ಎದ್ದೆ."

ನೀಲಾ ನೋಡುತ್ತಲೇ ಇದ್ದಳು. ಜೀಪಿನ ಬಾಗಿಲು ಅವಳ ಮೇಲೆ ಮುಚ್ಚುವತನಕ ನೋಡುತ್ತಲೇ ಇದ್ದಳು. ಹೊನ್ನಿಯೂ ಕಣ್ಣು ತಗ್ಗಿಸಲಿಲ್ಲ. ಯಾರಿಗೂ ಹೇಳುವುದಿಲ್ಲ. ಹಣ್ಣಿನ ಲಾರಿಯೊಂದಿಗೆ ಹೋದ ಗಂಡ ತಿರುಗಿ ಬಂದಮೇಲೆ ಅವನಿಗೂ ಇಲ್ಲ. ನೀಲಾ ಕೇಳಿದರೂ ಇಲ್ಲ, ಕೇಳದಿದ್ದರೂ ಇಲ್ಲ.