ಮೂವತ್ತೊಂದನೇ ತಾರೀಖಿಗೆ ಒಂದು ತಿಂಗಳು

ಆಫೀಸಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ; ಇಪ್ಪತ್ತೆರಡು ವರ್ಷದಿಂದ ಜಾವಾಸ್ಕ್ರಿಪ್ಟ್ ಬರೆದುಕೊಂಡು ಬಂದ ಪ್ರೋಗ್ರಾಮರ್, ಅಷ್ಟೆ. ಈ ಕಸುಬಿನಲ್ಲಿ ಆರು ತಿಂಗಳು ಮೈಮರೆತರೆ ಕಲಿತದ್ದೆಲ್ಲ ಹಳಸಿಹೋಗುತ್ತದೆ ಎಂಬ ಭಯ ಅವರಿಗೆ. ಅದಕ್ಕೇ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಿಟಕಿ ಪಕ್ಕದ ಉದ್ದನೆಯ ಮೇಜಿಗೆ ಎಲ್ಲರನ್ನೂ ಕೂರಿಸಿ, ಇಮೇಲಿನಲ್ಲಿ ಬರುವ ಒಂದು ವಾರಪತ್ರಿಕೆಯನ್ನು ಜೋರಾಗಿ ಓದಿಸುತ್ತಿದ್ದರು. ಯಾವ ಬ್ರೌಸರಿಗೆ ಏನು ಹೊಸದು ಬಂತು, ಯಾವ ಹಳೆಯ ಸಾಧನ ಮೂಲೆಗೆ ಬಿತ್ತು, ಇಂಥ ಸುದ್ದಿ ಮೊದಲು. ಕೊನೆಯಲ್ಲಿ ಒಂದು ಒಗಟು: ನಾಲ್ಕೈದು ಸಾಲಿನ ಕೋಡ್, ಅದನ್ನು ಓಡಿಸಿದರೆ ಏನು ಬರುತ್ತದೆ ಎಂಬ ಪ್ರಶ್ನೆ. ಕೀಬೋರ್ಡ್ ಮುಟ್ಟುವಂತಿಲ್ಲ, ತಲೆಯಲ್ಲೇ ಬಿಡಿಸಬೇಕು. ಅದು ಮೇಷ್ಟ್ರ ಕಟ್ಟಪ್ಪಣೆ.

ಆ ಸೋಮವಾರ ಓದುವ ಸರದಿ ಚೂಟಿಯದು. ಅವಳು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಬಾಯಿ ಮಾತ್ರ ಹತ್ತು ವರ್ಷ ಹಳೆಯದು. ಗೋಡೆಯ ಪರದೆಯ ಮೇಲೆ ಒಗಟು ಮೂಡಿತು. ಜನವರಿ ಮೂವತ್ತೊಂದನೇ ತಾರೀಖನ್ನು ಹಿಡಿದು, ಅದಕ್ಕೆ ಒಂದು ತಿಂಗಳು ಕೂಡಿಸುವ ಕೋಡ್.

"ಇದೇನು ಮಹಾ!" ಎಂದಳು ಚೂಟಿ. "ಫೆಬ್ರವರಿ ಮೂವತ್ತೊಂದು ಅಂತ ದಿನಾನೇ ಇಲ್ಲ. ಇಪ್ಪತ್ತೆಂಟಕ್ಕೆ ನಿಲ್ಲೋ ಬದಲು ಜಾವಾಸ್ಕ್ರಿಪ್ಟ್ ಮುಂದಕ್ಕೆ ಉರುಳುತ್ತೆ. ಉತ್ತರ ಮಾರ್ಚ್ ಮೂರು. ಇಡೀ ಫೆಬ್ರವರಿ ಗುಳುಂ!"

ಎಲ್ಲರೂ ನಕ್ಕರು. ಮೇಷ್ಟ್ರ ಕಣ್ಣು ಮೂರನೇ ಸಾಲಿನಲ್ಲಿ ನೆಟ್ಟುಹೋಗಿತ್ತು. ಮುಂದಿನ ಭೇಟಿಯ ದಿನಕ್ಕೆ ಇಟ್ಟ ಹೆಸರು 'ನೆಕ್ಸ್ಟ್‌ವಿಸಿಟ್ಟ್' ಎಂದಿತ್ತು, ಕೊನೆಗೆ ಒಂದು ಟಿ ಹೆಚ್ಚಾಗಿ. ಅವಸರದಲ್ಲಿ ಬೆರಳು ಎರಡು ಸಲ ಬಿದ್ದು, ತಿದ್ದಲು ಸೋಮಾರಿತನವಾಗಿ ಹಾಗೇ ಬಿಟ್ಟದ್ದು. ಬಿಟ್ಟವರು ಅವರೇ.

"ಪಾಪ, ಯಾವ ಪುಣ್ಯಾತ್ಮ ಬರೆದಿದ್ನೋ! ಸ್ಪೆಲ್ಲಿಂಗೂ ಬರಲ್ಲ," ಎಂದಳು ಚೂಟಿ.

ಮೇಷ್ಟ್ರೂ ನಕ್ಕರು. ಆ ನಗು ಬೇರೆ ಯಾರದೋ ಗಂಟಲಿನಿಂದ ಬಂದ ಹಾಗಿತ್ತು. ಒಗಟಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ಓದುಗರೊಬ್ಬರು ಕಳಿಸಿದ್ದು.

ಎಂಟು ವರ್ಷದ ಹಿಂದಿನ ಮಾತು. ಆಗ ಮೇಷ್ಟ್ರು ಒಬ್ಬರೇ ಕೆಲಸ ಹಿಡಿದು ಮಾಡಿಕೊಡುತ್ತಿದ್ದರು. ಮೂವರು ಡಾಕ್ಟರುಗಳ ಒಂದು ಪುಟ್ಟ ಕ್ಲಿನಿಕ್ಕಿಗೆ, ಯಾವ ರೋಗಿ ಯಾವತ್ತು ಮತ್ತೆ ಬರಬೇಕೆಂದು ನೆನಪಿಸುವ ಪುಟವೊಂದನ್ನು ಕಟ್ಟಿಕೊಟ್ಟರು. ಅಲ್ಲಿ ಫೋನಿನ ಮುಂದೆ ಕೂರುತ್ತಿದ್ದ ರಿಸೆಪ್ಷನಿಸ್ಟ್ ಎಲ್ಲವನ್ನೂ ಒಂದು ದಪ್ಪ ಡೈರಿಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದಳು.

"ಡೈರಿ ಮುಚ್ಚಿಡಿ ತಾಯಿ. ಇನ್ಮೇಲೆ ಇದೇ ನೆನಪಿಸುತ್ತೆ," ಎಂದಿದ್ದರು ಮೇಷ್ಟ್ರು.

"ತಪ್ಪಿದ್ರೆ?"

"ಮನುಷ್ಯರು ತಪ್ತಾರೆ. ಇದು ತಪ್ಪಲ್ಲ."

ಅವಳು ನಂಬಿದಳು. ಡೈರಿ ಕಪಾಟಿಗೆ ಹೋಯಿತು. ಇದು ಡಿಸೆಂಬರಿನಲ್ಲಿ. ಜನವರಿ ಮೂವತ್ತೊಂದಕ್ಕೆ ಒಬ್ಬ ದರ್ಜಿ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋದ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದವನು. ತಿಂಗಳಿಗೊಮ್ಮೆ ಪರೀಕ್ಷಿಸಿ ಮಾತ್ರೆಯ ಪ್ರಮಾಣ ತಿದ್ದಬೇಕಿತ್ತು. ಫೆಬ್ರವರಿ ಕೊನೆಗೆ ಅವನ ಹೆಸರು ಪಟ್ಟಿಯಲ್ಲಿ ಬರಲೇ ಇಲ್ಲ. ಬಂದದ್ದು ಮಾರ್ಚ್ ಮೂರಕ್ಕೆ. ರಿಸೆಪ್ಷನಿಸ್ಟ್ ಎಂದಿನ ಹಾಗೆ ನಗುನಗುತ್ತ ಫೋನು ಮಾಡಿ, "ಇವತ್ತು ಅಪ್ಪನ್ನ ಕರ್ಕೊಂಡು ಬರ್ತೀರಲ್ವಾ?" ಎಂದು ಕೇಳಿದಳು. ಫೋನೆತ್ತಿದ ಮಗಳು ಕಿರುಚಿದಳು. ಅಪ್ಪ ಹಿಂದಿನ ದಿನವೇ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಿದ್ದ.

ಕ್ಲಿನಿಕ್ಕಿನವರು ಮೇಷ್ಟ್ರನ್ನು ಕರೆಸಿ ನೋಡಿ ಎಂದರು. ಹತ್ತು ನಿಮಿಷದಲ್ಲಿ ಅವರಿಗೆ ತಪ್ಪು ಸಿಕ್ಕಿತು. ಮೂವರು ಡಾಕ್ಟರುಗಳು ಎದುರಿಗೆ ನಿಂತಿದ್ದರು. ರಿಸೆಪ್ಷನಿಸ್ಟ್ ಬಾಗಿಲ ಹತ್ತಿರ.

"ಸಿಸ್ಟಮ್ ಸರಿಯಾಗಿದೆ. ತಾರೀಖು ಹಾಕೋವಾಗ ತಪ್ಪಾಗಿರಬಹುದು," ಎಂದರು.

ಅವಳು ಅವರ ಮುಖ ನೋಡಿದಳು. ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು. ಅವಳು ಹೋದ ದಿನ ಸಂಜೆ, ಯಾರಿಗೂ ಹೇಳದೆ, ಮೇಷ್ಟ್ರು ಆ ಸಾಲನ್ನು ಸರಿಪಡಿಸಿದರು. ನಾನೇನೂ 'ತಪ್ಪಾಗಿದೆ' ಎನ್ನಲಿಲ್ಲ, 'ತಪ್ಪಾಗಿರಬಹುದು' ಎಂದೆ: ಆ ಒಂದು ಮಾತನ್ನು ಹಿಡಿದುಕೊಂಡೇ ಎಂಟು ವರ್ಷ ದೂಡಿದ್ದರು.

ಒಗಟು ಬಂದ ಮೇಲೆ ಅದೂ ಕೈಬಿಟ್ಟಿತು. ಆ ವಾರವೆಲ್ಲ ಆಫೀಸಿನ ಯಾವ ಮೇಜಿನ ಫೋನು ಬಡಿದುಕೊಂಡರೂ ಅವರ ಬೆನ್ನು ಸೆಟೆದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ಎದುರಿಗೆ ಕೂತ ಹೆಂಗಸರಲ್ಲೆಲ್ಲ ಬಾಗಿಲ ಹತ್ತಿರ ನಿಂತಿದ್ದವಳ ಮುಖ. ಹಗಲು ಹೊತ್ತಿನಲ್ಲೇ, ಹಿಂದೆ ಯಾರೋ ನಿಂತು ತಮ್ಮ ಪರದೆ ಓದುತ್ತಿದ್ದಾರೆ ಅನ್ನಿಸಿ ತಿರುಗಿ ನೋಡುತ್ತಿದ್ದರು. ಖಾಲಿ ಕುರ್ಚಿ, ನೀರಿನ ಯಂತ್ರದ ಗುಳುಗುಳು. ಚೂಟಿಗೆ ಕಲಿಸಲು ಕೂತವರು ಸರಳವಾದ ಲೂಪೊಂದನ್ನು ಮೂರು ಸಲ ತಪ್ಪಾಗಿ ಬರೆದರು.

"ಮೈ ಹುಷಾರಿಲ್ವಾ ಮೇಷ್ಟ್ರೇ?" ಎಂದಳು ಅವಳು, ಮೊದಲ ಸಲ ತಮಾಷೆ ಬಿಟ್ಟು.

ಮನೆಯಲ್ಲಿ ಹೆಂಡತಿ ತಟ್ಟೆ ನೋಡಿಯೇ ಹಿಡಿದಳು. "ಮೂರು ದಿನದಿಂದ ಕೋಳಿ ಕೆದಕಿದ ಹಾಗೆ ಕೆದಕ್ತಿದ್ದೀರಿ. ಏನಾಯ್ತು ಹೇಳಿ, ಇಲ್ಲಾ ಸರಿಯಾಗಿ ತಿನ್ನಿ."

ಹೇಳಿದರು. ಎಂಟು ವರ್ಷದಲ್ಲಿ ಮೊದಲ ಸಲ. ಅವಳು ಬೈಯಲಿಲ್ಲ. ಎದ್ದು ತಟ್ಟೆ ತೆಗೆದುಕೊಂಡು ಹೋಗಿ, ನಲ್ಲಿ ಬಿಟ್ಟು, ಬಹಳ ಹೊತ್ತು ತೊಳೆದಳು. ಅಡುಗೆಮನೆಯಿಂದಲೇ ಕೇಳಿದಳು: "ಆ ಕೆಲಸ ಕಳ್ಕೊಂಡವಳನ್ನ ಹುಡುಕಿದ್ರಾ?"

ಮರುದಿನ ವಾರಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದರು: ಆ ಕೋಡ್ ನನ್ನದು, ಕಳಿಸಿದವರು ಒಪ್ಪಿದರೆ ಮಾತಾಡಬೇಕು. ಎರಡು ದಿನಕ್ಕೆ ಒಂದು ವಿಳಾಸ ಬಂತು, ಜೊತೆಗೆ 'ಶನಿವಾರ ಹನ್ನೊಂದಕ್ಕೆ ಬನ್ನಿ' ಎಂಬ ಒಂದೇ ಸಾಲು.

ಅದು ಗ್ರಂಥಾಲಯದ ಮೇಲಿನ ಕೋಣೆ. ಹತ್ತು ಹಳೆಯ ಕಂಪ್ಯೂಟರುಗಳು, ಬಿಳಿ ಹಲಗೆಯ ಮೇಲೆ ಅರ್ಧ ಅಳಿಸಿದ ಜಾವಾಸ್ಕ್ರಿಪ್ಟ್. ಒಗಟು ಕಳಿಸಿದವಳು ಆ ರಿಸೆಪ್ಷನಿಸ್ಟೇ; ಕೆಲಸ ಕಳೆದುಕೊಂಡ ಹೆಂಗಸರಿಗೆ ಅವಳು ಅಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಳು. ಕೂದಲು ನರೆತಿತ್ತು. ಕೂರಿ ಎಂದಳು, ತಾನು ನಿಂತೇ ಇದ್ದಳು.

"ಕೊನೇ ದಿನ ಆ ಪುಟಾನ ಪೆನ್‌ಡ್ರೈವಿಗೆ ಹಾಕ್ಕೊಂಡೆ. ಬ್ರೌಸರಿನಲ್ಲಿ ಕೋಡ್ ಎಲ್ಲಾ ಕಾಣುತ್ತೆ ಅಂತ ನನ್ನ ತಮ್ಮ ಹೇಳಿದ್ದ. ನನಗೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ನಾನು ತಾರೀಖು ಸರಿಯಾಗೇ ಹಾಕಿದ್ದೆ, ಅದು ಮಾತ್ರ ಗೊತ್ತಿತ್ತು. ಅದಕ್ಕೇ ಕಲಿಯೋಕೆ ಶುರು ಮಾಡ್ದೆ. ದಿನಕ್ಕೊಂದು ಒಗಟು. ನಾಲ್ಕನೇ ವರ್ಷ ಆ ಸಾಲು ಕಣ್ಣಿಗೆ ಬಿತ್ತು."

"ಆಗಲೇ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳೋದು? ನಿಮ್ಮ ಮೇಲೆ ನನಗೆ ಸಿಟ್ಟಿರ್ಲಿಲ್ಲ. ಪಾಪ, ಅವರಿಗೂ ಕಂಡಿಲ್ಲ, ಎಂಥೆಂಥವರೋ ಎಡವೋ ಜಾಗ ಅದು, ಅಂತ ಸಮಾಧಾನ ಮಾಡ್ಕೊಂಡೆ. ಬೇರೆ ಯಾರೂ ಎಡವದಿರ್ಲಿ ಅಂತ ಒಗಟು ಮಾಡಿ ಕಳಿಸ್ದೆ." ಅವಳು ಅವರ ಕಡೆ ತಿರುಗಿದಳು. "ಒಂದು ಕೇಳ್ಲಾ? ಆವತ್ತು ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳ ಮುಖದಲ್ಲಿ ಅದಕ್ಕೆ ಜಾಗವೂ ಇತ್ತು.

"ಗೊತ್ತಿತ್ತು," ಎಂದರು ಮೇಷ್ಟ್ರು. "ನೀವು ಬಾಗಿಲ ಹತ್ರ ನಿಂತಿದ್ದಾಗಲೇ ಗೊತ್ತಿತ್ತು."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಅವರನ್ನು ನೋಡದೆಯೇ ಹೇಳಿದಳು: "ಇಷ್ಟು ವರ್ಷ ನಿಮ್ಮ ಪರವಾಗಿ ನಾನೇ ವಾದ ಮಾಡ್ಕೊಂಡು ಬಂದೆನಲ್ಲ."

ಅವಳು ಬೇರೇನೂ ಕೇಳಲಿಲ್ಲ, ಒಂದೇ ಕೇಳಿದಳು: ಇದನ್ನು ದರ್ಜಿಯ ಮಗಳಿಗೆ ನೀವೇ ಬಾಯಿಬಿಟ್ಟು ಹೇಳಬೇಕು.

ಮೇಷ್ಟ್ರು ಮೊದಲು ಕ್ಲಿನಿಕ್ಕಿಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕಳಿಸಿದರು. ಪತ್ರ ತಲುಪಿದೆ ಎಂಬುದಷ್ಟೇ ಉತ್ತರ. ಮುಂದಿನ ಭಾನುವಾರ ಇಬ್ಬರೂ ದರ್ಜಿಯ ಮನೆಗೆ ಹೋದರು. ಅವಳು ಒಳಗೆ ಬರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತಳು. "ಆ ದನಿ ಇನ್ನೂ ನನ್ನ ಕಿವೀಲಿದೆ. ನೀವು ಹೋಗಿ."

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಮಗಳು ಎದುರಿಗೆ ಕೂತು ಕೇಳಿದಳು. ಕೋಡ್ ಗೊತ್ತಿಲ್ಲದ ಅವಳಿಗೆ ಮೇಷ್ಟ್ರು ಒಂದು ಕಾಗದದ ಮೇಲೆ ತಿಂಗಳ ಮನೆಗಳನ್ನು ಬರೆದು, ದಿನ ಹೇಗೆ ಉರುಳಿ ಮುಂದೆ ಹೋಯಿತೆಂದು ತೋರಿಸಿದರು.

"ಇನ್ನೊಂದ್ಸಲ ಹೇಳಿ," ಎಂದಳು.

ಹೇಳಿದರು.

"ಇನ್ನೊಂದ್ಸಲ."

ಮೂರನೇ ಸಲ ಹೇಳುವಾಗ ಅವರ ದನಿ ಒಡೆಯಿತು. ಅವಳು ಕಾಗದದ ಮೇಲೆ ಬೆರಳಿಟ್ಟು ಎಣಿಸಿದಳು. ಮೂರು ದಿನ.

"ಫೋನ್ ಮಾಡಿದ್ರಲ್ಲ, ಆ ಹೆಂಗಸು," ಎಂದಳು. "ಅವರಿಗೆ ನಾನು ಬಾಯಿಗೆ ಬಂದಿದ್ದೆಲ್ಲಾ ಅಂದೆ. ನೀನು ಸಾಯಿ ಅಂದೆ. ಅವರೆಲ್ಲಿದ್ದಾರೆ ಈಗ?"

"ಕೆಳಗೆ. ನಿಮ್ಮ ಮೆಟ್ಟಿಲ ಮೇಲೆ."

ಅವಳು ಎದ್ದಳು. ಚಪ್ಪಲಿಯನ್ನೂ ಮೆಟ್ಟಿಕೊಳ್ಳದೆ ಬಾಗಿಲು ದಾಟಿದಳು. ಮೆಟ್ಟಿಲ ಮೇಲೆ ಬರಿಗಾಲಿನ ದಡದಡ ಸದ್ದು, ಆಮೇಲೆ ಇಬ್ಬರು ಹೆಂಗಸರ ದನಿ. ಒಬ್ಬಳು ಅಳುತ್ತಿದ್ದಳು. ಯಾರೆಂದು ಮೇಲಿನಿಂದ ತಿಳಿಯುವಂತಿರಲಿಲ್ಲ.

ಮೇಷ್ಟ್ರು ಕೂತೇ ಇದ್ದರು. ಎದ್ದು ಹೋಗಲು ಅದೊಂದೇ ಮೆಟ್ಟಿಲು, ಅವರಿಬ್ಬರನ್ನು ದಾಟಿಯೇ ಇಳಿಯಬೇಕು. ಯಾರೂ ಅವರನ್ನು ಕರೆಯಲಿಲ್ಲ. ಕಿಟಕಿಯ ಬಿಸಿಲು ಮೇಜಿನ ಅಂಚಿಗೆ ಬಂತು, ಅಲ್ಲಿಂದ ನೆಲಕ್ಕಿಳಿಯಿತು. ಕೆಳಗೆ ಮಾತು ಇನ್ನೂ ನಡೆದೇ ಇತ್ತು.