ಒಂದು ತಟ್ಟಿದರೆ ಹೌದು

ಟಕ್.

ಅಷ್ಟೇ. ಬೀಗದ ಕೈಯ ತುದಿಯಿಂದ ಫೋನಿನ ಬೆನ್ನಿಗೆ ಮೆಲ್ಲಗೆ ತಟ್ಟಿದಂಥ ಸದ್ದು. ಊರಿಗೆ ಊರೇ ಮಲಗಿದ್ದ ಹೊತ್ತು. ಎರಡು ಮೇಜು, ಎರಡು ಕುರ್ಚಿ, ಮೂಲೆಯಲ್ಲೊಂದು ನೀರಿನ ಕ್ಯಾನು ಇಷ್ಟಕ್ಕೇ ತುಂಬಿಹೋಗಿದ್ದ ಆ ಕೋಣೆಯಲ್ಲಿ ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ನೆಟ್ಟಗೆ ಕೂತಳು.

"ನಮಸ್ಕಾರ. ನಾನು ಕೇಳಿಸ್ಕೊಳ್ತಿದೀನಿ. ಮಾತಾಡೋಕೆ ಆಗದಿದ್ರೂ ಪರವಾಗಿಲ್ಲ. ಹೌದು ಅಂದ್ರೆ ಒಂದು ಸಲ ತಟ್ಟಿ, ಇಲ್ಲ ಅಂದ್ರೆ ಎರಡು ಸಲ. ಆಯ್ತಾ?"

ಟಕ್.

ಎದುರಿನ ಮೇಜಿನಿಂದ ನರ್ಸಮ್ಮ ಹುಬ್ಬು ಹಾರಿಸಿದಳು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೂ ರಾತ್ರಿಪಾಳಿಯ ಚಟ ಬಿಡಲಾಗದೆ ಈ ಸಹಾಯವಾಣಿಗೆ ಬಂದು ಸೇರಿದವಳು ಅವಳು. ಕರೆಗಳಿಲ್ಲದಾಗ ಪದಬಂಧ ಬಿಡಿಸುತ್ತಾಳೆ, ಕರೆಗಳಿದ್ದಾಗ ತಾಯಿಯಾಗುತ್ತಾಳೆ. "ಟಕ್ ರಾಯರಾ?" ಎಂದು ತುಟಿಯಲ್ಲೇ ಕೇಳಿದಳು. ಇವಳು ತಲೆಯಾಡಿಸಿದಳು.

ಟಕ್ ರಾಯರು ಎಂಬ ಹೆಸರು ನರ್ಸಮ್ಮನದೇ. ಎರಡು ತಿಂಗಳಿಂದ ಈ ಮನುಷ್ಯ ಫೋನು ಮಾಡುತ್ತಿದ್ದ. ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಕರೆ ಮಾಡಿದವರ ನಂಬರು ಅಲ್ಲಿಯ ಫೋನಿನಲ್ಲಿ ಕಾಣುತ್ತಲೂ ಇರಲಿಲ್ಲ. ಬದುಕು ಮುಗಿಸಿಕೊಳ್ಳುವ ಯೋಚನೆಯಿದೆಯೇ ಎಂದು ಇವಳು ಮೊದಲ ಸಲವೇ ಕೇಳಿದ್ದಳು, ಅದು ಅಲ್ಲಿಯ ನಿಯಮ. ಎರಡು ಸಲ ತಟ್ಟಿದ್ದ. ನಿದ್ದೆ ಬರುವುದಿಲ್ಲವೇ ಎಂದರೆ ಒಂದು ಸಲ. ಸುಮ್ಮನೆ ಜೊತೆಗಿರಲೇ ಎಂದರೆ ಒಂದು ಸಲ. ಇವಳ ಪಾಳಿಯ ರಾತ್ರಿಗಳಲ್ಲಿ ಮಾತ್ರ ಕರೆ ಮಾಡುತ್ತಿದ್ದ. ಎತ್ತಿದವಳು ನರ್ಸಮ್ಮನಾದರೆ ಕತ್ತರಿ ಹಾಕಿದಂತೆ ಕಟ್.

"ನನ್ನ ದನಿ ಕೇಳಿದ್ರೆ ಎಲ್ಲಿ ಇಂಜೆಕ್ಷನ್ ಚುಚ್ತಾಳೋ ಅಂತ ಓಡ್ಹೋಗ್ತಾನೆ ಕಣೆ ತಂಗಿ," ಎಂದು ನರ್ಸಮ್ಮ ನಗುತ್ತಿದ್ದಳು. "ನಿನ್ನ ದನಿಗಾದ್ರೆ ಕಾದು ಕೂತಿರ್ತಾನೆ ಪುಣ್ಯಾತ್ಮ. ನಿನ್ನ ಗಂಡ ಅದೃಷ್ಟವಂತ, ಈ ದನಿ ದಿನಾ ಪುಕ್ಕಟೆ ಸಿಗುತ್ತೆ."

ಅವಳು ಆಗ ನಕ್ಕಿದ್ದಳು. ಈ ರಾತ್ರಿ ಆ ಮಾತು ನೆನಪಾದರೆ ನಗು ಬರುತ್ತಿರಲಿಲ್ಲ. ಸಂಜೆ ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಟೈಲರ್ ಅತ್ತಿಗೆ, ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, ಅವಳನ್ನು ನಿಲ್ಲಿಸಿಕೊಂಡಿದ್ದಳು.

"ಹೇಳ್ಬಾರ್ದು ಅನ್ಕೊಂಡಿದ್ದೆ. ಹೇಳ್ದೆ ಇದ್ರೆ ನನಗೇ ಊಟ ಸೇರಲ್ಲ. ನೀವು ಡ್ಯೂಟಿಗೆ ಹೋದ ರಾತ್ರಿ ನಿಮ್ಮನೆಯವರು ಕೆಳಗೆ ಕಾರಲ್ಲಿ ಕೂತ್ಕೊಂಡು ಫೋನಲ್ಲಿರ್ತಾರೆ. ಲೈಟೂ ಹಾಕಲ್ಲ. ಒಂದಿನ ಎರಡಿನ ಅಲ್ಲ. ನೀವು ಮನೇಲಿದ್ದಾಗ ಇಲ್ಲ ನೋಡಿ, ಅದಕ್ಕೇ ಹೇಳ್ದೆ."

"ಕೆಲಸದ ಫೋನು ಇರ್ಬೇಕು," ಎಂದಿದ್ದಳು ಇವಳು.

"ಡ್ರೈವಿಂಗ್ ಮೇಷ್ಟ್ರಿಗೆ ನಡುರಾತ್ರೀಲಿ ಎಂಥಾ ಕೆಲಸದ ಫೋನಮ್ಮಾ? ಮಲಗಿದ್ದೋರಿಗೆ ಗೇರು ಹಾಕೋದು ಹೇಳ್ಕೊಡ್ತಾರಾ?"

ಬಸ್ಸಿನಲ್ಲಿ ಕೂತು ಅಕ್ಕನಿಗೆ ಫೋನು ಮಾಡಿದ್ದಳು. ನಾಳೆ ಬೆಳಿಗ್ಗೆ ಹೋದವಳೇ ಕೇಳಿಬಿಡುತ್ತೇನೆ, ಹೌದು ಅಂದರೆ ನಿನ್ನ ಮನೆಗೆ ಬರುತ್ತೇನೆ ಎಂದಿದ್ದಳು. "ಮಾತು ತೇಲಿಸೋಕೆ ಬಿಡ್ಬೇಡ. ಕೇಳಿದ ತಕ್ಷಣ ನನಗೆ ಫೋನ್ ಮಾಡು," ಎಂದು ಅಕ್ಕ ಎರಡೆರಡು ಸಲ ಹೇಳಿದ್ದಳು.

ಕೇಳುವುದು ಅವಳಿಗೆ ಹೊಸದೇನಲ್ಲ. ಚಿಕ್ಕಂದಿನಲ್ಲಿ ಅಪ್ಪನ ಚಪ್ಪಲಿಯ ಸದ್ದಿನಲ್ಲೇ ಇವತ್ತು ಮನೆಯಲ್ಲಿ ಮಾತಾಡಬಹುದೋ ಇಲ್ಲವೋ ಎಂದು ತಿಳಿದುಕೊಳ್ಳುತ್ತಿದ್ದ ಹುಡುಗಿ, ಮದುವೆಯಾದ ಮೇಲೂ ಕಿವಿ ಮುಚ್ಚಲು ಕಲಿಯಲಿಲ್ಲ. ಗಂಡ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರೆ "ನನ್ನ ಮೇಲೆ ಕೋಪಾನಾ?" ಮೆಲ್ಲಗೆ ಹಾಕಿದರೆ "ಏನಾಯ್ತು, ಯಾಕಿಷ್ಟು ಮೆತ್ತಗಿದೀರ?" ಅವನು ಮೊದಮೊದಲು ನಗುತ್ತಿದ್ದ. "ನನ್ನ ಕಾರಲ್ಲಿ ನನ್ನ ಕಾಲಿಗೂ ಒಂದು ಬ್ರೇಕ್ ಇದೆ, ಕಲಿಯೋರು ಹೆದರಿದ್ರೆ ನಾನು ಒತ್ತೋಕೆ. ನಿನ್ನ ಪ್ರಶ್ನೆಗಳಿಗೂ ಅಂಥದ್ದೊಂದು ಇರ್ಬೇಕಿತ್ತು ಕಣೆ," ಎನ್ನುತ್ತಿದ್ದ. ಆಮೇಲಾಮೇಲೆ ನಗು ಕಡಿಮೆಯಾಯಿತು. ಮಾತೂ.

ಎರಡು ತಿಂಗಳ ಹಿಂದೆ ಒಂದು ಸಂಜೆ ಶೂ ಬಿಚ್ಚದೆಯೇ ಕುರ್ಚಿಯಲ್ಲಿ ಕೂತು, "ಇವತ್ತು ಯಾಕೋ ಮನಸ್ಸು ಸರಿಯಿಲ್ಲ," ಎಂದಿದ್ದ. ತಾನಾಗಿ ಅಂಥ ಮಾತು ಆಡಿದ್ದೇ ಅಪರೂಪ. ಅವಳು ಕೂಡಲೇ ಎದುರಿಗೆ ಬಂದು ನಿಂತಿದ್ದಳು. ನಾನೇನು ಮಾಡಿದೆ, ನಿನ್ನೆ ನಿಮ್ಮಮ್ಮನ ವಿಷಯ ಎತ್ತಿದ್ದಕ್ಕಾ, ನನ್ನ ಜೊತೆ ಇರೋದೇ ಬೇಜಾರಾಗಿದೆಯಾ ಎಂದು ಶುರುವಾದದ್ದು ಅಳುವಿನಲ್ಲಿ ಮುಗಿದಿತ್ತು. ಕೊನೆಗೆ ಶೂ ಹಾಕಿಕೊಂಡೇ ಅಡುಗೆಮನೆಗೆ ಹೋಗಿ ಟೀ ಮಾಡಿಕೊಂಡು ಬಂದವನು, ಅವಳ ಬೆನ್ನು ಸವರಿದವನು, "ಏನೂ ಇಲ್ಲ ಬಿಡು, ಸುಸ್ತು ಅಷ್ಟೇ," ಎಂದವನು ಅವನೇ. ಮನಸ್ಸು ಯಾಕೆ ಸರಿಯಿರಲಿಲ್ಲ ಎಂಬುದು ಆ ಟೀ ಲೋಟದ ಕೆಳಗೇ ಉಳಿಯಿತು.

ಈ ಕೋಣೆಯಲ್ಲಿ ಮಾತ್ರ ಅವಳು ಹಾಗಿರಲಿಲ್ಲ. ಇಲ್ಲಿ ಅತ್ತವರಿದ್ದರು, ಬೈದವರಿದ್ದರು, ಅರ್ಧ ಗಂಟೆ ಬರೀ ಉಸಿರಾಡಿದವರಿದ್ದರು. ಯಾರ ದುಃಖಕ್ಕೂ ಅವಳು ಕಾರಣಳಲ್ಲ. ಯಾರೂ ಅವಳನ್ನು ಬಿಟ್ಟುಹೋಗುವವರೂ ಅಲ್ಲ. ಅದಕ್ಕೇ ಇರಬೇಕು, ದನಿ ತಾನಾಗಿ ತಗ್ಗುತ್ತಿತ್ತು, ಕೇಳಬೇಕಾದ್ದು ತಾನಾಗಿ ನಾಲಿಗೆಗೆ ಬರುತ್ತಿತ್ತು.

"ಇವತ್ತೂ ನಿದ್ದೆ ಬಂದಿಲ್ವಾ?" ಎಂದು ಕೇಳಿದಳು.

ಟಕ್.

ಆ ಸದ್ದಿನ ಹಿಂದೆ ಈ ಸಲ ಇನ್ನೊಂದು ಸದ್ದಿತ್ತು. ಬೇರೆ ರಾತ್ರಿಗಳಲ್ಲಿ ಈ ಮನುಷ್ಯನ ಸುತ್ತ ಮುಚ್ಚಿದ ಪೆಟ್ಟಿಗೆಯೊಳಗಿನಂಥ ಮೌನವಿರುತ್ತಿತ್ತು. ಈ ರಾತ್ರಿ ದೂರದಲ್ಲಿ ಏನೋ ತಿರುಗುತ್ತಿತ್ತು. ತಿರುಗಿ ತಿರುಗಿ ಕಿರ್ರ್ ಎಂದು ನರಳಿ, ಒಂದು ಕ್ಷಣ ತಡೆದು, ಟಿಕ್ಕೆಂದು ಮುಂದೆ ಹೋಗುತ್ತಿತ್ತು. ಮತ್ತೆ ಕಿರ್ರ್. ಮತ್ತೆ ಆ ತಡೆ. ಟಿಕ್.

ಅವಳ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

ಆ ಫ್ಯಾನಿನ ಕೆಳಗೆ ಅವಳು ಏಳು ವರ್ಷ ಮಲಗಿದ್ದಳು. "ಊರಿಗೆಲ್ಲ ಗಾಡಿ ಕಲಿಸ್ತೀರಿ, ಮನೇಲಿರೋ ಫ್ಯಾನಿಗೆ ಬುದ್ಧಿ ಕಲಿಸೋಕಾಗಲ್ವಾ?" ಎಂದು ಗೊಣಗಿದ್ದಳು. "ಅದರ ಪಾಡಿಗೆ ಅದು ಗೊಣಗ್ಲಿ ಬಿಡು, ನಿನಗೂ ಒಂದು ಜೊತೆ," ಎಂದು ಅವನು ಮಗ್ಗುಲಾಗಿದ್ದ. ನಿನ್ನೆ ಸಂಜೆ ಅವನು ನಡೆದುಕೊಂಡು ಮನೆಗೆ ಬಂದದ್ದೂ ನೆನಪಾಯಿತು. ಕ್ಲಚ್ಚು ಹೋಗಿದೆ, ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟೆ ಎಂದಿದ್ದ. ಕೂರಲು ಕಾರಿಲ್ಲ. ಅದಕ್ಕೇ ಮಲಗುವ ಕೋಣೆ.

ಟೈಲರ್ ಅತ್ತಿಗೆಯ ಮಾತಿನಲ್ಲಿ ಸುಳಿದ ಆ ಇನ್ನೊಬ್ಬಳು ಇದೇ ಕುರ್ಚಿಯಲ್ಲಿ, ಇದೇ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ತಗ್ಗಿದ ದನಿಯವಳು, ಮೇಲಿಂದ ಮೇಲೆ ಕೇಳದವಳು, ಮನೆಗೆ ಯಾವತ್ತೂ ಬಾರದವಳು. ಅವಳ ಮೇಲೆ ಇವಳಿಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಗುರುತಿನವರು ಎಂದು ಗೊತ್ತಾದ ಕೂಡಲೇ ಕರೆಯನ್ನು ಎದುರಿನ ಮೇಜಿಗೆ ಕೊಡಬೇಕು, ಅದೂ ಅಲ್ಲಿಯ ನಿಯಮ. ಅದಕ್ಕೆ ಕೈ ಎತ್ತಿ ಸನ್ನೆ ಮಾಡಬೇಕು. ಅವಳ ಕೈ ಎದ್ದಿತು. ನರ್ಸಮ್ಮ ಪೆನ್ಸಿಲು ಕಚ್ಚಿಕೊಂಡು ಪದಬಂಧದಲ್ಲಿ ಮುಳುಗಿದ್ದಳು. ಎದ್ದ ಕೈ ಕೂದಲನ್ನು ಹಿಂದೆ ತಳ್ಳಿ ಕೆಳಗಿಳಿಯಿತು.

"ಕೆಲಸದಲ್ಲಿ ಏನಾದ್ರೂ ಆಯ್ತಾ?" ದನಿ ನಡುಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ.

ಟಕ್.

"ಯಾರಿಗಾದ್ರೂ ಪೆಟ್ಟಾಯ್ತಾ?"

ಫ್ಯಾನು ನರಳಿತು, ತಡೆಯಿತು, ಮುಂದೆ ಹೋಯಿತು. ಟಕ್.

"ಈಗ ಅವರು ಚೆನ್ನಾಗಿದಾರಾ?"

ಟಕ್. ಇದು ಬೇಗ ಬಂತು.

"ನಿಮ್ಮ ಕೈ ಮೀರಿ ಆಗಿದ್ದಾ?"

ಟಕ್. ಸ್ವಲ್ಪ ಹೊತ್ತಿನ ಮೇಲೆ, ಅದನ್ನು ಅಳಿಸುವವನಂತೆ, ಟಕ್ ಟಕ್.

ಅವಳಿಗೆ ಕಂಡಿತು. ಕಲಿಯುವವರ ಪಕ್ಕದ ಸೀಟು, ಅವನ ಕಾಲ ಕೆಳಗಿನ ಆ ಎರಡನೆಯ ಬ್ರೇಕು. ಒಂದು ಗಳಿಗೆ ತಡವಾದ ಕಾಲು. ರಸ್ತೆಯ ಮೇಲೆ ಬಿದ್ದ ಯಾರೋ. ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತ ಆ ಸಂಜೆ. ಊಟಕ್ಕೆ ಕೂತಾಗ ಈಚೆಗೆ ಅವನ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಿದ್ದುದನ್ನು ಅವಳು ನೋಡಿದ್ದಳು. ನನ್ನ ಜೊತೆ ಕೂರಲಾರದ ಚಡಪಡಿಕೆ ಎಂದುಕೊಂಡಿದ್ದಳು.

"ಮನೇಲಿ ಹೇಳ್ಕೊಂಡಿದೀರಾ?"

ಟಕ್ ಟಕ್.

"ಹೇಳಿದ್ರೆ ಬೈತಾರೆ ಅಂತಾನಾ?"

ಟಕ್ ಟಕ್.

"ಹೇಳಿದ್ರೆ ಆಮೇಲೆ ಅವರನ್ನೇ ನೀವು ಸಮಾಧಾನ ಮಾಡ್ಬೇಕಾಗುತ್ತೆ ಅಂತಾನಾ?"

ಫೋನು ಇಟ್ಟುಬಿಟ್ಟನೇನೋ ಎಂದುಕೊಳ್ಳುವಷ್ಟರಲ್ಲಿ, ಕೇಳಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಬಂತು.

ಟಕ್.

ಸಂಜೆಯಿಂದ ಅವಳ ಎದೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಈಗ ನಾಲಿಗೆಯ ತುದಿಗೆ ಬಂದು ನಿಂತಿತು. ಅವರನ್ನ ಬಿಟ್ಟು ಹೋಗ್ಬೇಕು ಅನ್ಸುತ್ತಾ? ಇಷ್ಟೇ. ಕೇಳಿದರೆ ಉತ್ತರ ಸಿಗುತ್ತದೆ, ಏಳು ವರ್ಷದಲ್ಲಿ ಸಿಗದಷ್ಟು ನಿಜವಾದದ್ದು. ಮುಖ ನೋಡಿ ಅಳೆಯಬೇಕಿಲ್ಲ, ಬಾಗಿಲ ಸದ್ದಿನಲ್ಲಿ ಹುಡುಕಬೇಕಿಲ್ಲ. ಒಂದೋ ಎರಡೋ. ಕೇಳು, ಕೇಳು ಎಂದು ಅಕ್ಕನೇ ಬೆನ್ನ ಹಿಂದೆ ನಿಂತು ತಿವಿದಂತಾಯಿತು. ಆದರೆ ಆ ಕಡೆ ಬೀಗದ ಕೈ ಹಿಡಿದು ಕೂತವನು ಹೆಂಡತಿಗೆ ಫೋನು ಮಾಡಿರಲಿಲ್ಲ. ಅಂಥ ಪ್ರಶ್ನೆಯಿಂದ ತಪ್ಪಿಸಿಕೊಂಡೇ ಇಲ್ಲಿಗೆ ಬಂದಿದ್ದ.

ಅವಳು ಪ್ರಶ್ನೆಯನ್ನು ನುಂಗಿದಳು.

"ಇನ್ನು ಏನೂ ಕೇಳಲ್ಲ," ಎಂದಳು. "ಭಯ ಆದಾಗ ಯಾರಾದ್ರೂ ಸುಮ್ನೆ ಪಕ್ಕದಲ್ಲಿದ್ರೆ ಸಾಕು ಅನ್ಸುತ್ತೆ. ನಾನಿದೀನಿ."

ಇಬ್ಬರೂ ಸುಮ್ಮನಿದ್ದರು. ಇಷ್ಟು ಹೊತ್ತು ಇಬ್ಬರೂ ಹೀಗೆ ಮನೆಯಲ್ಲಿ ಯಾವತ್ತೂ ಸುಮ್ಮನಿದ್ದುದಿಲ್ಲ. ಅವಳ ಮೌನದೊಳಗೆ ಫ್ಯಾನು ದೊಡ್ಡದಾಗಿ ಕೇಳತೊಡಗಿತು. ಕಿರ್ರ್. ತಡೆ. ಟಿಕ್. ಆ ಕಡೆಯವನಿಗೂ ಅದು ಆಗಲೇ ಕೇಳಿರಬೇಕು. ಉಸಿರು ಸಿಕ್ಕಿಕೊಂಡಂಥ ಒಂದು ಸದ್ದು ಬಂತು, ಅರ್ಧ ಕೆಮ್ಮಿ ಅರ್ಧ ನುಂಗುವ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಕರೆ ಕಟ್ಟಾಯಿತು.

"ಏನಂತೆ ರಾಯರದು?" ನರ್ಸಮ್ಮ ಪದಬಂಧದಿಂದ ತಲೆಯೆತ್ತದೆ ಕೇಳಿದಳು.

"ಎಂದಿನ ಹಾಗೇನೇ," ಎಂದಳು ಇವಳು. "ನಿದ್ದೆ ಇಲ್ವಂತೆ."

"ಮುಖ ಯಾಕೆ ಹಾಗಾಗಿದೆ? ನೀರು ಕುಡಿ ಹೋಗು."

ನೀರು ಕುಡಿದಳು. ಕ್ಯಾನಿನ ಪಕ್ಕ ನಿಂತೇ ಇದ್ದಳು, ಇನ್ನೊಂದು ಕರೆ ಬರುವವರೆಗೆ.

ಬೆಳಗಿನ ಬಸ್ಸು ಖಾಲಿಯಿತ್ತು. ಬೀಗ ತೆಗೆದು ಒಳಗೆ ಬಂದರೆ ಮಲಗುವ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಹಾಸಿಗೆಯ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಸ್ಟೂಲು ಇಟ್ಟು, ಬನಿಯನ್ನಿನಲ್ಲಿ ಅವನು ಫ್ಯಾನಿನ ಹೊಟ್ಟೆ ಬಿಚ್ಚುತ್ತ ನಿಂತಿದ್ದ. ಬಾಯಲ್ಲಿ ಸ್ಕ್ರೂಗಳು. ಕಣ್ಣು ಕೆಂಪಗಿದ್ದವು.

ಅವಳು ಬಾಗಿಲಲ್ಲೇ ನಿಂತಳು. "ಇಷ್ಟು ಬೆಳಿಗ್ಗೆ ಏನ್ರೀ ಇದು?"

ಅವನು ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡ. "ಸದ್ದು ಜಾಸ್ತಿ ಆಯ್ತು ಅನ್ನಿಸ್ತು. ನೀನೂ ಎಷ್ಟು ದಿನದಿಂದ ಹೇಳ್ತಿದ್ದೆ."

"ಹೂಂ."

"ಸ್ವಲ್ಪ ಹಿಡ್ಕೊ. ಅಲ್ಲಾಡ್ತಿದೆ."

ಅವಳು ಚೀಲವನ್ನು ಕೆಳಗಿಟ್ಟು ಸ್ಟೂಲಿನ ಕಾಲು ಹಿಡಿದುಕೊಂಡಳು. ಅವನ ಪಾದ ಅವಳ ಮುಖದ ಹತ್ತಿರವೇ ಇತ್ತು. ಬಲಗಾಲಿನ ಬೆರಳುಗಳು ಸ್ಟೂಲನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದವು. ಎಣ್ಣೆಯ ಒಂದು ಹನಿ ಪೇಪರಿನ ಮೇಲೆ ಬಿತ್ತು. ಕೊನೆಯ ಸ್ಕ್ರೂ ಬಿಗಿದು, ಇಳಿದು ಬಂದು ಅವನು ಸ್ವಿಚ್ಚು ಹಾಕಿದ.

ಫ್ಯಾನು ತಿರುಗಿತು. ಬರೀ ಗಾಳಿ. ಇಬ್ಬರೂ ಕತ್ತೆತ್ತಿ ಕಿವಿಗೊಟ್ಟು ನಿಂತರು.

"ಕೇಳಿಸ್ತಿದೆಯಾ?" ಎಂದ ಅವನು. ಕಣ್ಣು ಫ್ಯಾನಿನ ಮೇಲಿರಲಿಲ್ಲ, ಅವಳ ಮೇಲಿತ್ತು.

"ಇಲ್ಲ. ಒಂಚೂರೂ ಇಲ್ಲ."

ಅವನ ಭುಜಗಳು ಸ್ವಲ್ಪ ಇಳಿದವು. ಆಗ ಅವಳಿಗೆ ಅರ್ಥವಾಯಿತು. ಏಳು ವರ್ಷ ಅವಳ ಗೊಣಗಾಟಕ್ಕೆ ಜಗ್ಗದ ಫ್ಯಾನು ಈ ಬೆಳಿಗ್ಗೆ ಯಾಕೆ ಬಾಯಿ ಮುಚ್ಚಿತು ಎಂದು. ಗುರುತು ಸಿಗದ ಹಾಗೆ ಅವನಿಗೆ ಮತ್ತೆ ಫೋನು ಮಾಡುವುದಿದೆ. ಆ ಇನ್ನೊಬ್ಬಳನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿಲ್ಲ.

"ಟೀ ಇಡ್ಲಾ?" ಎಂದ.

"ನಾನಿಡ್ತೀನಿ. ಕಾರು ಬರೋವರೆಗೂ ನಡ್ಕೊಂಡೇ ಹೋಗ್ತೀರಾ?"

ಅವನು ಸ್ಕ್ರೂಡ್ರೈವರನ್ನು ಒರೆಸುತ್ತಿದ್ದವನು ನಿಲ್ಲಿಸಿದ. ಮುಂದಿನ ಪ್ರಶ್ನೆಗೆ ಮೈ ಬಿಗಿ ಹಿಡಿದು ನಿಂತದ್ದು ಅವಳಿಗೆ ಕಾಣುತ್ತಿತ್ತು. "ಹೂಂ. ಸ್ವಲ್ಪ ದಿನ."

"ಸರಿ," ಎಂದಳು.

ಇನ್ನೂ ಏನೋ ಬರುತ್ತದೆಂದು ಅವನು ಕಾದ. ಬರಲಿಲ್ಲ. ಅವಳ ಕಡೆ ಒಂದು ಸಲ ನೋಡಿ, ಪೇಪರು ಮಡಚತೊಡಗಿದ. ಅವನಾದರೂ ಏನಾದರೂ ಹೇಳಿಯಾನು ಎಂದು ಅವಳೂ ಕಾದಳು. ಅದೂ ಬರಲಿಲ್ಲ.

ಅಡುಗೆಮನೆಯಲ್ಲಿ ನೀರು ಕುದಿಯುವಾಗ ಫೋನು ನಡುಗಿತು. ಅಕ್ಕ.

"ಕೇಳಿದ್ಯಾ?"

"ಇಲ್ಲ ಅಕ್ಕ. ಕೇಳೋ ಅಂಥದ್ದೇನೂ ಇಲ್ಲ. ಆ ಟೈಲರ್ ಅತ್ತಿಗೆಗೆ ಕಣ್ಣು ಸರಿಯಾಗಿ ಕಾಣಲ್ಲ."

"ಹಾಗಂದ್ರೆ?"

"ಹಾಗಂದ್ರೆ ಹಾಗೇ. ಇಡ್ತೀನಿ, ಟೀ ಉಕ್ತಿದೆ."

ಟೀ ಉಕ್ಕುತ್ತಿರಲಿಲ್ಲ. ಒಲೆ ಸಣ್ಣದು ಮಾಡಿ ಅವಳು ಕಟ್ಟೆಗೆ ಒರಗಿದಳು. ಇನ್ನು ಎರಡು ರಾತ್ರಿ ಕಳೆದರೆ ಮತ್ತೆ ಅವಳ ಪಾಳಿ. ಅವನು ತಟ್ಟುತ್ತಾನೆ. ಅವಳು ಅಪರಿಚಿತಳ ದನಿಯಲ್ಲಿ ನಮಸ್ಕಾರ ಎನ್ನುತ್ತಾಳೆ. ಇಲ್ಲಿಗೆ, ಈ ಕಟ್ಟೆಯ ಹತ್ತಿರಕ್ಕೆ, ಆ ದನಿಯನ್ನು ಒಂದು ದಿನ ತರಲು ಅವಳಿಗೆ ಬಂದೀತೋ ಇಲ್ಲವೋ. ಬರುವವರೆಗೆ ಅಕ್ಕನಿಗಾಗಲಿ, ನರ್ಸಮ್ಮನಿಗಾಗಲಿ ಹೇಳುವುದಿಲ್ಲ. ಒಳಗಿನ ಕೋಣೆಯಲ್ಲಿ, ಸದ್ದಿಲ್ಲದ ಫ್ಯಾನಿನ ಕೆಳಗೆ ಹಾಸಿಗೆ ಕೊಡವುತ್ತಿದ್ದವನಿಗಂತೂ ಹೇಳುವುದೇ ಇಲ್ಲ ಎಂದುಕೊಂಡು ಅವಳು ಎರಡು ಲೋಟ ತೆಗೆದಳು.